ನಡುದಾರಿಯಲ್ಲಿ ರಹದಾರಿ

ಪಾಸ್‌ಪೋರ್ಟು ಎಂಬ ಮಾತು ನಮ್ಮ ನಾಲಗೆಗೆ ಹತ್ತುವುದಕ್ಕೆ ಮುಂಚೆ ಕನ್ನಡದಲ್ಲಿ ರಹದಾರಿ ಎಂಬ ಮಾತು ಬಳಕೆಯಲ್ಲಿದ್ದಿತು. ಅದು ಪಾರಸಿಯಿಂದ ಬಂದದ್ದು. ರಾಹ ಎಂದರೆ ದಾರಿ. ದಾರಿ ಕಾಯುವವರಿಗೆ ಸಲ್ಲಬೇಕಾದ ಸುಂಕಕ್ಕೂ, ದಾರಿ ನಡೆಯುವವನ ಕೈಯಲ್ಲಿರಬೇಕಾದ ಚೀಟಿಗೂ ಅದೇ ಹೆಸರು ಸಂದಿದೆ. ವೀಸಾ ಎಂಬುದಕ್ಕೆ ಅಂಥದೊಂದು ಹೆಸರು ನಮ್ಮಲ್ಲಿ ನಿಲ್ಲಲಿಲ್ಲ. ಲ್ಯಾಟಿನ್ ಭಾಷೆಯಲ್ಲಿ ಅದರ ಅರ್ಥ ‘ನೋಡಲಾಗಿದೆ’ ಎಂದಷ್ಟೆ. ಹೊರಡುವ ನಾಡಿನ ಸರಕಾರ ಕೊಟ್ಟ ರಹದಾರಿಯನ್ನು ಹೋಗುವ ನಾಡಿನ ಅಧಿಕಾರಿ ನೋಡಿ, ನೋಡಿದ್ದಕ್ಕೆ ಗುರುತಾಗಿ ಮುದ್ರೆಯೊತ್ತಿದರೆ ಅದು ವೀಸಾ.

ಈ ಎರಡನ್ನೂ ಮನೆಯಲ್ಲಿರುವಾಗಲೇ ಸಂಪಾದಿಸಿಕೊಂಡು, ಬುತ್ತಿ ಕಟ್ಟಿಕೊಂಡು, ಆಮೇಲೆ ಹೊಸಲು ದಾಟುವುದು ಗೃಹಸ್ಥರ ಕ್ರಮ. ಲೋಕಸಂಚಾರಿಗಳೆಲ್ಲ ಈ ಕ್ರಮಕ್ಕೆ ಒಳಪಟ್ಟವರಲ್ಲ. ಒಂದು ನಾಡನ್ನು ನೋಡಲೆಂದು ಹೊರಟವನಿಗೆ ಅಲ್ಲಿ ನಿಂತಾಗ ಮುಂದಿನ ನಾಡಿನ ಬೆಟ್ಟ ಕಾಣಿಸುತ್ತದೆ. ಇಷ್ಟು ದೂರ ಬಂದವನು ಅದನ್ನೂ ನೋಡಿಬಿಡೋಣವೆಂದು ಮನಸ್ಸು ಹಾತೊರೆಯುತ್ತದೆ. ಆಗ ಆತನು ತನ್ನ ಊರಿನಿಂದ ನೂರಾರು ಹರದಾರಿ ದೂರದಲ್ಲಿ, ತನ್ನ ತಂದೆತಾತಂದಿರನ್ನು ಬಲ್ಲವರು ಒಬ್ಬರೂ ಇಲ್ಲದ ಕಡೆ ನಿಂತುಕೊಂಡು, ಇನ್ನೊಬ್ಬ ದೊರೆಯ ಅಪ್ಪಣೆಯನ್ನು ಬೇಡಬೇಕಾಗುತ್ತದೆ. ಬೇಡುವವನು ಏನನ್ನು ತೋರಿಸಿ ಬೇಡಬೇಕು? ಕೊಡುವವನು ಏನನ್ನು ನೋಡಿ ಕೊಡಬೇಕು? ಇದು ಇಂದಿನ ರಾಯಭಾರ ಕಚೇರಿಗಳ ಮುಂದೆ ಸಾಲುಗಟ್ಟಿ ನಿಂತವರಿಗೆ ಮಾತ್ರ ಬಂದ ಕಷ್ಟವೆಂದು ನಾವು ಭಾವಿಸುವುದುಂಟು. ಚರಿತ್ರೆಯ ಪುಟಗಳನ್ನು ತಿರುವಿದರೆ ಈ ಕಷ್ಟ ಬಹಳ ಹಳೆಯದೆಂದು ತಿಳಿಯುತ್ತದೆ. ಹಳೆಯದು ಮಾತ್ರವಲ್ಲ, ಅಂದಿನ ಕಷ್ಟದ ಮುಖವೇ ಬೇರೆಯಾಗಿತ್ತೆಂದೂ ತಿಳಿಯುತ್ತದೆ.

ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಪಂಡಿತ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದು 1909ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮುದ್ರಾಧ್ಯಕ್ಷನೆಂಬ ಅಧಿಕಾರಿಯ ಪ್ರಸ್ತಾಪವಿದೆ. ಒಂದು ಮಾಷವನ್ನು ತೆಗೆದುಕೊಂಡು ಆತನು ಮುದ್ರೆಯನ್ನು ಕೊಡಬೇಕು. ಮುದ್ರೆಯುಳ್ಳವನು ಜನಪದದ ಒಳಕ್ಕೆ ಬರಬಹುದು, ಹೊರಕ್ಕೆ ಹೋಗಬಹುದು. ಮುದ್ರೆಯಿಲ್ಲದೆ ಓಡಾಡಿದ ಸ್ವದೇಶಿಗೆ ಹನ್ನೆರಡು ಪಣ ದಂಡ. ಕಳ್ಳಮುದ್ರೆಯನ್ನು ಇಟ್ಟುಕೊಂಡು ಸಿಕ್ಕಿಬಿದ್ದರೆ ಸ್ವದೇಶಿಗೆ ಸಾಹಸದಂಡಗಳಲ್ಲಿ ಮೊದಲನೆಯದು, ಪರದೇಶಿಗೆ ಕಡೆಯದು, ಎಂದರೆ ಎಲ್ಲಕ್ಕಿಂತ ದೊಡ್ಡದು. ತಪ್ಪು ಒಂದೇ, ತೆರಬೇಕಾದ್ದು ಎರಡು ಬಗೆ. ಹುಲ್ಲುಗಾವಲುಗಳ ಮೇಲ್ವಿಚಾರಕನಾದ ವಿವೀತಾಧ್ಯಕ್ಷನು ದಾರಿಯಲ್ಲಿ ಮುದ್ರೆಗಳನ್ನು ನೋಡತಕ್ಕದ್ದೆಂದೂ ಅಲ್ಲಿ ವಿಧಿಸಿದೆ. ಲ್ಯಾಟಿನ್ನಿನವರ ವೀಸಾದಲ್ಲಿರುವುದೂ ಇದೇ ‘ನೋಡು’ ಎಂಬ ಕ್ರಿಯೆ.

ಶಾಸ್ತ್ರವಾಯಿತು. ಶಾಸ್ತ್ರವು ದಾರಿಹೋಕನ ಮೈಮೇಲೆ ಹೇಗೆ ಬಂದಿತೆಂಬುದನ್ನು ತಿಳಿಯಬೇಕಾದರೆ ಸಂಚಾರಿಗಳ ಬಾಯಿಂದಲೇ ಕೇಳಬೇಕು. ಅಂಥ ಇಬ್ಬರನ್ನು ಇಲ್ಲಿ ನೆನೆಯುತ್ತೇನೆ. ಇಬ್ಬರೂ ನಮ್ಮ ಪಾಠಪುಸ್ತಕಗಳಲ್ಲಿ ಒಂದೊಂದು ಪುಟದಷ್ಟು ಬಂದುಹೋಗುವವರೇ. ಆದರೆ ಪಾಠಪುಸ್ತಕಗಳು ಅವರು ಕಂಡದ್ದನ್ನು ಹೇಳುತ್ತವೆ. ಕಾಣುವುದಕ್ಕೆ ಅವರು ಪಡೆದ ಅಪ್ಪಣೆಯ ಪಾಡನ್ನು ಹೇಳುವುದಿಲ್ಲ.

ಮೊದಲನೆಯವನು ಹ್ಯೂಯೆನ್ ತ್ಸಾಂಗ್. ಬುದ್ಧನ ನಾಡಿಗೆ ಹೋಗಿ ಶಾಸ್ತ್ರಗ್ರಂಥಗಳ ಮೂಲವನ್ನು ನೋಡಬೇಕೆಂದು ಆತನೂ ಆತನ ಸಂಗಡಿಗ ಭಿಕ್ಷುಗಳೂ ತಾಂಗ್ ಸರಕಾರಕ್ಕೆ ಬಿನ್ನವಿಸಿಕೊಂಡರು. ಆಗ ತೈ ತ್ಸುಂಗ್ ಪಟ್ಟಕ್ಕೆ ಬಂದು ಹೆಚ್ಚು ಕಾಲವಾಗಿರಲಿಲ್ಲ. ಗಡಿ ದಾಟಿ ಹೋಗಕೂಡದೆಂಬ ನಿಷೇಧವಿದ್ದಿತು. ಅಪ್ಪಣೆ ದೊರೆಯಲಿಲ್ಲ. ಸಂಗಡಿಗರು ಸುಮ್ಮನಾದರು, ಈತನು ಸುಮ್ಮನಾಗಲಿಲ್ಲ. 629ರಲ್ಲಿ, ಕೆಲವು ವಿದ್ವಾಂಸರ ಎಣಿಕೆಯಂತೆ 627ರಲ್ಲಿ, ಚಾಂಗಾನ್ ನಗರವನ್ನು ಬಿಟ್ಟು ಪಡುವಣಕ್ಕೆ ನಡೆದನು. ಲಿಯಾಂಗ್‌ಚೌ ಎಂಬಲ್ಲಿ ಅಧಿಕಾರಿಯು ಹಿಂದಿರುಗಬೇಕೆಂದು ಕಟ್ಟುಮಾಡಿದನು. ಅಲ್ಲಿಂದಾಚೆಗೆ ಹಗಲು ಅಡಗುವುದು, ಇರುಳು ನಡೆಯುವುದು. ಕ್ವಾಚೌ ಎಂಬ ಊರಿಗೆ ಬರುವಷ್ಟರಲ್ಲಿ ಆತನನ್ನು ಹಿಡಿಯಬೇಕೆಂಬ ನಿರೂಪವೂ ಬಂದು ಮುಟ್ಟಿತು. ಅಲ್ಲಿನ ಅಧಿಕಾರಿ ಲೀ ಚಾಂಗ್ ಎಂಬಾತನು ಆ ನಿರೂಪವನ್ನು ಆತನಿಗೇ ತೋರಿಸಿ, ‘ಈತ ತಾವೇ ಅಲ್ಲವೆ?’ ಎಂದು ಕೇಳಿದನಂತೆ. ಭಿಕ್ಷುವು ಮೊದಲು ತಡವರಿಸಿ, ಆಮೇಲೆ ಇದ್ದದ್ದನ್ನು ಇದ್ದ ಹಾಗೆ ಹೇಳಿದನು. ಲೀ ಚಾಂಗನು ನಿರೂಪವನ್ನು ಅಲ್ಲಿಯೇ ಹರಿದುಹಾಕಿ, ಬೇಗ ಹೊರಟುಹೋಗಿರೆಂದನು.

ಮುಂದೆ ಮರಳುಗಾಡಿನ ಐದು ಕಾವಲು ಗೋಪುರಗಳು. ಮೊದಲನೆಯದರ ಹತ್ತಿರ ನೀರು ತುಂಬಿಕೊಳ್ಳುತ್ತಿರುವಾಗ ಬಾಣವೊಂದು ಬಂದು ಮೊಣಕಾಲಿನ ಸನಿಹದಲ್ಲಿ ಹಾಯ್ದುಹೋಯಿತು. ಆ ಗೋಪುರದ ನಾಯಕನು ಬೌದ್ಧಭಕ್ತನಾದ್ದರಿಂದ ಬುತ್ತಿ ಕೊಟ್ಟು, ನಾಲ್ಕನೆಯ ಗೋಪುರದಲ್ಲಿ ತನ್ನ ನಂಟನಿದ್ದಾನೆ, ನನ್ನ ಹೆಸರು ಹೇಳಿ ಎಂದು ಕಳುಹಿಸಿದನು. ಇಂಥವರ ದಯೆಯಿಂದಲೂ, ನೀರಿನ ತಿತ್ತಿಯನ್ನು ಕೈಜಾರಿ ಚೆಲ್ಲಿಕೊಂಡು ನಾಲ್ಕು ರಾತ್ರಿ ಐದು ಹಗಲು ಒಣನಾಲಗೆಯಲ್ಲಿ ನಡೆದ ತನ್ನ ಹಟದಿಂದಲೂ ಆತನು ಚೀನದ ಗಡಿಯಿಂದ ಹೊರಬಿದ್ದನು.

ಹೀಗೆ ಹೊರಬಿದ್ದವನ ಕೈಯಲ್ಲಿ ಏನಿದ್ದಿತು? ಸ್ವದೇಶದ ರಹದಾರಿಯಿಲ್ಲ, ಮೇಲಾಗಿ ಸ್ವದೇಶದ ನಿರೂಪವೊಂದನ್ನು ಮುರಿದ ಅಪರಾಧವಿದೆ. ಇನ್ನು ಮುಂದೆ ಬೇಕಾದ ಒಂದೊಂದು ಅಪ್ಪಣೆಯನ್ನೂ ಆತನು ದಾರಿಯಲ್ಲಿಯೇ ದುಡಿದುಕೊಳ್ಳಬೇಕು.

ಮೊದಲ ಅಪ್ಪಣೆ ದೊರೆತದ್ದು ಇಂದಿನ ತುರ್ಫಾನ್ ಪ್ರದೇಶದಲ್ಲಿದ್ದ ಕಾವ್‌ಚಾಂಗ್ ಎಂಬ ಚಿಕ್ಕ ರಾಜ್ಯದಲ್ಲಿ. ಅದರ ಅರಸನಾದ ಚ್ಯೂ ವೆನ್‌ತಾಯ್ ಭಿಕ್ಷುವಿನ ಬರವನ್ನು ಕೇಳಿ ತಾನೇ ಕರೆಸಿಕೊಂಡನು. ನಟ್ಟಿರುಳಿನಲ್ಲಿ ದೀವಟಿಗೆ ಹಿಡಿಸಿ ಎದುರುಗೊಂಡನು. ಸತ್ಕಾರವೆಲ್ಲ ಮುಗಿದ ಮೇಲೆ ಮೆಲ್ಲನೆ ತನ್ನ ಮನಸ್ಸನ್ನು ತಿಳಿಸಿದನು: ತಾವು ಮುಂದಕ್ಕೆ ಹೋಗಕೂಡದು, ಇಲ್ಲಿಯೇ ನಿಂತು ನಮಗೆ ಗುರುವಾಗಬೇಕು. ಒಲ್ಲೆನೆಂದಾಗ ಅರಸನ ದನಿ ಬದಲಾಯಿತು. ಒಪ್ಪದಿದ್ದರೆ ಹಿಡಿದು ನಿಮ್ಮ ದೇಶಕ್ಕೇ ಕಳುಹಿಸುವೆನೆಂದು ಗದರಿಸಿದನು. ನಿರೂಪ ಮುರಿದು ಬಂದವನಿಗೆ ಇದಕ್ಕಿಂತ ದೊಡ್ಡ ಬೆದರಿಕೆ ಯಾವುದು? ಹ್ಯೂಯೆನ್ ತ್ಸಾಂಗ್ ಅನ್ನನೀರು ಬಿಟ್ಟು ಕುಳಿತನು. ಮೂರು ದಿನ ಹೀಗೆ ಕಳೆದು ನಾಲ್ಕನೆಯ ದಿನ ಉಸಿರು ಕ್ಷೀಣವಾಗತೊಡಗಲು ಅರಸನು ನಾಚಿ ಕಾಲಿಗೆ ಬಿದ್ದನು. ಒಡಂಬಡಿಕೆಯಾಯಿತು: ಈಗ ಹೋಗಲಿ, ಹಿಂದಿರುಗುವಾಗ ಮೂರು ವರ್ಷ ಇಲ್ಲಿ ನಿಲ್ಲಬೇಕು.

ಆಮೇಲೆ ಆ ಅರಸನು ಮಾಡಿಕೊಟ್ಟ ಅನುಕೂಲವನ್ನು ಓದುವಾಗ ನಮಗೆ ಬೆರಗಾಗುತ್ತದೆ. ಮೂವತ್ತು ಕುದುರೆ, ಇಪ್ಪತ್ತೈದು ಆಳು, ನೂರು ಲಿಯಾಂಗ್ ಬಂಗಾರ, ಮೂವತ್ತು ಸಾವಿರ ಬೆಳ್ಳಿ ನಾಣ್ಯ, ಚಳಿಗೆ ಕೈಚೀಲ, ಮುಖವಸ್ತ್ರ. ಎಲ್ಲಕ್ಕಿಂತ ಹೆಚ್ಚಿನದು ಇಪ್ಪತ್ತನಾಲ್ಕು ಓಲೆಗಳು, ದಾರಿಯಲ್ಲಿ ಬರುವ ಇಪ್ಪತ್ತನಾಲ್ಕು ರಾಜ್ಯಗಳ ಒಡೆಯರಿಗೆ ಒಂದೊಂದರಂತೆ. ಪ್ರತಿಯೊಂದು ಓಲೆಗೂ ಗುರುತಾಗಿ ಒಂದು ಸುರುಳಿ ಪಟ್ಟೆ. ಪಡುವಣ ತುರುಷ್ಕರ ಕಾಗಾನನಿಗೆ ಬೇರೆಯಾಗಿ ಐನೂರು ಸುರುಳಿ ಪಟ್ಟೆಯೂ ಎರಡು ಬಂಡಿ ಹಣ್ಣೂ. ಈ ಭಿಕ್ಷುವು ನನ್ನ ತಮ್ಮನು, ಪಡುವಣದ ರಾಜ್ಯಗಳಿಂದ ಈತನಿಗೆ ಕುದುರೆ ಕೊಡಿಸಿ ಸಾಗಿಸಬೇಕೆಂದು ಬಿನ್ನಹ. ಆ ಓಲೆ ಫಲ ಕೊಟ್ಟಿತು. ಕಾಗಾನನು ತನ್ನ ದಂಡಿನಲ್ಲಿ ಚೀನೀ ಮಾತು ಬಲ್ಲ ಒಬ್ಬ ತರುಣನನ್ನು ಹುಡುಕಿಸಿ, ಮುಂದಿನ ರಾಜ್ಯಗಳಿಗೆ ಓಲೆಗಳನ್ನು ಬರೆಯಿಸಿ, ಕಪಿಶ ದೇಶದವರೆಗೆ ಜೊತೆಗೆ ಕಳುಹಿಸಿದನು. ಹಿಂದಿನ ಬೀಡಿನವನು ಮುಂದಿನ ಬೀಡಿನವನಿಗೆ ಹೇಳುವ ಮಾತೇ ಅಂದಿನ ರಹದಾರಿ.

ಇಂಡಿಯಾದಲ್ಲಿ ಆತನು ಕಂಡದ್ದೆಲ್ಲ ಇಲ್ಲಿ ಅಪ್ರಕೃತ. ಆದರೆ ಕನ್ನಡಿಗರು ಒಂದನ್ನು ಗಮನಿಸಬಹುದು. ಸುಮಾರು 640ರ ಹೊತ್ತಿಗೆ ಆತನು ಚಾಲುಕ್ಯ ಇಮ್ಮಡಿ ಪುಲಕೇಶಿಯ ನಾಡಿಗೆ ಬಂದನು. ಹರ್ಷನಿಗೆ ಮಣಿಯದ ಅರಸನೆಂದು ಪುಲಕೇಶಿಯನ್ನು ಬಣ್ಣಿಸಿ ಬರೆದನು. 634ರ ಐಹೊಳೆಯ ಶಾಸನದಲ್ಲಿ ರವಿಕೀರ್ತಿ ಹಾಡಿಹೊಗಳಿದ ಗೆಲುವಿನ ನೆನಪು ಇನ್ನೂ ಹಸಿಯಾಗಿದ್ದ ಕಾಲ. ಆ ನಾಡನ್ನು ನೋಡಿದ ಸಂಚಾರಿಯೇ ಕೆಲವು ಕಾಲದ ಮೇಲೆ ಹರ್ಷನ ಆಸ್ಥಾನದಲ್ಲಿ ಮಾನ್ಯನಾಗಿ ಕುಳಿತನು. ಹಗೆಗಳಾದ ಎರಡು ರಾಜ್ಯಗಳ ನಡುವೆ ನಡೆದಾಡಿದವನ ಬರಹದಲ್ಲಿ ಅಲ್ಲಿ ಅಪ್ಪಣೆಯ ಕಥೆಯೊಂದೂ ಬರುವುದಿಲ್ಲ. ಕಾಷಾಯವೇ ರಹದಾರಿಯಾಗಿತ್ತೆಂದು ನಾನು ಊಹಿಸುತ್ತೇನೆ.

ಬರುವುದು ಸುಲಭವಾಗಿತ್ತು, ಬಿಡಿಸಿಕೊಂಡು ಹೋಗುವುದು ಕಷ್ಟ. ಕಾಮರೂಪದ ಕುಮಾರರಾಜನು, ಇಲ್ಲಿಯೇ ನಿಂತರೆ ನೂರು ವಿಹಾರಗಳನ್ನು ಕಟ್ಟಿಸಿಕೊಡುವೆನೆಂದನು. ಹರ್ಷನು ಇನ್ನಷ್ಟು ದಿನ, ಇನ್ನಷ್ಟು ದಿನ ಎಂದು ತಡೆದನು. ಕಡೆಗೆ, ಯಾವ ದಾರಿಯಲ್ಲಿ ಹೋಗುವಿರಿ, ತೆಂಕಣ ಕಡಲಿನ ಮೇಲೆ ಹೋಗುವುದಾದರೆ ನಮ್ಮ ಆಳುಗಳನ್ನು ಕಳುಹಿಸುವೆವು ಎಂದು ಹರ್ಷನು ಕೇಳಿದಾಗ ಹ್ಯೂಯೆನ್ ತ್ಸಾಂಗ್ ಕೊಟ್ಟ ಉತ್ತರವನ್ನು ಆತನ ಶಿಷ್ಯ ಹುಯೀಲಿ ಬರೆದಿಟ್ಟಿದ್ದಾನೆ. ಕಾವ್‌ಚಾಂಗಿನ ಅರಸನಿಗೆ ಹಿಂದಿರುಗುವಾಗ ಕಾಣುವೆನೆಂದು ಮಾತು ಕೊಟ್ಟಿದ್ದೇನೆ, ಆದಕಾರಣ ಬಡಗಣ ದಾರಿಯಲ್ಲಿಯೇ ಹೋಗಬೇಕು ಎಂಬುದು ಆ ಉತ್ತರದ ಸಾರಾಂಶ. ಹಸಿವಿನಿಂದ ಹಿಂಡಿ ಪಡೆದ ಅಪ್ಪಣೆಗೆ ಕೊಟ್ಟ ಮಾತು ಅದು. ಹದಿಮೂರು ಹದಿನಾಲ್ಕು ವರ್ಷಗಳ ಮೇಲೆ, ಸುಲಭವಾದ ಕಡಲ ದಾರಿ ಕಣ್ಣೆದುರಿಗಿರುವಾಗ, ಅದನ್ನು ಉಳಿಸಿಕೊಳ್ಳುವುದಕ್ಕಾಗಿ ಆತನು ಪಾಮೀರಿನ ಹಿಮವನ್ನು ಏರಲು ಹೊರಟನು. ಆದರೆ ಅಷ್ಟರಲ್ಲಾಗಲೇ, 640ರಲ್ಲಿಯೇ, ತಾಂಗ್ ಸೇನೆ ಕಾವ್‌ಚಾಂಗನ್ನು ಗೆದ್ದುಕೊಂಡಿತ್ತು; ಚ್ಯೂ ವೆನ್‌ತಾಯ್ ಆ ವರ್ಷವೇ ಸತ್ತಿದ್ದನು. ಮೂರು ವರ್ಷದ ಸಾಲವನ್ನು ಕೇಳುವವರಾರೂ ಉಳಿದಿರಲಿಲ್ಲ.

ಹರ್ಷನು ಆನೆಯೊಂದನ್ನೂ ದಾರಿಯ ವೆಚ್ಚವನ್ನೂ ಕೊಟ್ಟು, ಬಿಳಿಯ ಅರಳೆಬಟ್ಟೆಯ ಮೇಲೆ ಬರೆಯಿಸಿ ಕೆಂಪು ಅರಗಿನಿಂದ ಮುದ್ರಿಸಿದ ಓಲೆಗಳನ್ನು ನಾಲ್ವರು ಮಹತ್ತರರ ಕೈಯಲ್ಲಿ ಕಳುಹಿಸಿದನು. ಚೀನದ ಗಡಿಯವರೆಗೆ ಅರಸರು ಕುದುರೆ ಕೊಟ್ಟು ಸಾಗಿಸಬೇಕೆಂದು ಅದರಲ್ಲಿತ್ತು. ನಮ್ಮ ಶಾಸನಗಳನ್ನು ಓದಿದವರಿಗೆ ಮಹತ್ತರರೆಂಬ ಆ ಬಿರುದಿನ ಪರಿಚಯ ಉಂಟು. ಆ ಓಲೆಗಳು ಎಲ್ಲ ಗಡಿಗಳಲ್ಲಿಯೂ ನಡೆಯುವಂಥವು. ನಡೆಯದಿದ್ದ ಗಡಿ ಒಂದೇ, ಅದು ಆತನ ಸ್ವಂತ ದೇಶದ್ದು. ಖೋತಾನಿಗೆ ಬಂದು ಹ್ಯೂಯೆನ್ ತ್ಸಾಂಗ್ ನಿಂತನು. ಅಲ್ಲಿಂದ ತೈ ತ್ಸುಂಗ್ ಚಕ್ರವರ್ತಿಗೆ ಒಂದು ಬಿನ್ನವತ್ತಳೆಯನ್ನು ಬರೆದು, ವರ್ತಕರ ತಂಡದೊಡನೆ ಹೊರಟಿದ್ದ ಕಾವ್‌ಚಾಂಗಿನವನೊಬ್ಬನ ಕೈಗೆ ಕೊಟ್ಟನು. ನಿಷೇಧವನ್ನು ಮೀರಿ, ತಾನಾಗಿ ಹೊರಟುಹೋದೆನೆಂಬುದನ್ನು ಅದರಲ್ಲಿ ಆತನು ಮುಚ್ಚಿಡಲಿಲ್ಲ. ಏಕೆ ಹೋದೆ, ಎಲ್ಲೆಲ್ಲಿ ಹೋದೆ, ಏನು ತಂದೆ ಎಂಬುದನ್ನು ಬರೆದನು. ಕಳ್ಳರಿಗೆ ಹೆದರಿ ಓಡುವಾಗ ಆನೆ ನೀರಿನಲ್ಲಿ ಮುಳುಗಿಹೋಯಿತು, ಹೊತ್ತು ತರಲು ವಾಹನವಿಲ್ಲ, ಆದ್ದರಿಂದ ಇಲ್ಲಿ ನಿಂತಿದ್ದೇನೆ ಎಂದು ಮುಗಿಸಿದನು. ಆನೆ ಮುಳುಗಿದ್ದು ನಿಜ. ನಿಂತದ್ದಕ್ಕೆ ಅದೊಂದೇ ಕಾರಣವೆಂದು ಮಾತ್ರ ನನಗೆ ನಂಬಿಕೆಯಿಲ್ಲ.

ಏಳೆಂಟು ತಿಂಗಳು ಕಾಯಬೇಕಾಯಿತು. ಕಾಯುತ್ತ ಕುಳಿತವನು ಖೋತಾನಿನವರಿಗೆ ಹಗಲಿರುಳು ಶಾಸ್ತ್ರಪಾಠ ಹೇಳಿದನು. ಸಿಂಧೂ ನದಿಯಲ್ಲಿ ಕಳೆದುಹೋದ ಗ್ರಂಥಗಳಿಗೆ ಬದಲು ಪ್ರತಿಗಳನ್ನು ಹುಡುಕಲು ಕೂಚಾ, ಕಾಷ್ಗರ್‌ಗಳಿಗೆ ಜನ ಕಳುಹಿಸಿದನು. ಕಡೆಗೆ ಉತ್ತರ ಬಂದಿತು: ಬೇಗ ಬನ್ನಿರಿ, ದಾರಿಯ ರಾಜ್ಯಗಳಿಗೆ ಅಪ್ಪಣೆಯಾಗಿದೆ, ತುನ್‌ಹ್ವಾಂಗಿನ ಅಧಿಕಾರಿಗಳು ಮರಳುಗಾಡಿನಲ್ಲಿ ನಿಮ್ಮನ್ನು ಎದುರುಗೊಳ್ಳುವರು. ಬಾಣ ಬಿಟ್ಟ ಗಡಿಯಲ್ಲಿಯೇ ಈಗ ಎದುರುಗೊಳ್ಳುವಿಕೆ. 645ರಲ್ಲಿ 657 ಗ್ರಂಥಗಳನ್ನು ಇಪ್ಪತ್ತು ಕುದುರೆಗಳ ಮೇಲೆ ಹೇರಿಕೊಂಡು ಆತನು ಚಾಂಗಾನ್ ನಗರವನ್ನು ಹೊಕ್ಕನು. ಹೋಗುವಾಗ ನಮಗೇಕೆ ತಿಳಿಸಲಿಲ್ಲವೆಂದು ಚಕ್ರವರ್ತಿ ಕೇಳಿದನಂತೆ. ಪದೇಪದೇ ಬಿನ್ನವಿಸಿಕೊಂಡೆ, ನನ್ನ ಭಕ್ತಿ ಅಲ್ಪವಾಗಿದ್ದುದರಿಂದ ಅಪ್ಪಣೆಯಾಗಲಿಲ್ಲ ಎಂದು ಭಿಕ್ಷು ಉತ್ತರಕೊಟ್ಟನು. ಇದಕ್ಕಿಂತ ನಯವಾಗಿ ಒಬ್ಬ ದೊರೆಗೆ ಆತನ ಕಚೇರಿಯ ತಪ್ಪನ್ನು ತೋರಿಸಿಕೊಟ್ಟ ಮಾತು ನನಗೆ ಬೇರೆ ಗೊತ್ತಿಲ್ಲ.

ಇನ್ನು ಎರಡನೆಯವನು. ಇವನು ಬೇರೆ ಜಾತಿಯ ಮನುಷ್ಯ. ತಾಂಜಿಯರ್ ಊರಿನ ಇಬ್ನ್ ಬತೂತ ಮಕ್ಕಾ ಯಾತ್ರೆಗೆಂದು 1325ರಲ್ಲಿ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಮನೆ ಬಿಟ್ಟನು. ಯಾತ್ರೆ ಮುಗಿದರೂ ಕಾಲಿನ ನವೆ ತೀರಲಿಲ್ಲ. ಈಜಿಪ್ಟಿಗೂ ಸಿರಿಯಕ್ಕೂ ನಡುವೆ ಕತ್ಯಾ ಎಂಬ ಉಕ್ಕಡವೊಂದನ್ನು ಅವನು ಬಣ್ಣಿಸಿದ್ದಾನೆ. ಈಜಿಪ್ಟಿನ ಚೀಟಿಯಿಲ್ಲದೆ ಯಾರೂ ಸಿರಿಯಕ್ಕೆ ಹೋಗುವಂತಿಲ್ಲ, ಸಿರಿಯದ ಚೀಟಿಯಿಲ್ಲದೆ ಈಜಿಪ್ಟಿಗೆ ಬರುವಂತಿಲ್ಲ. ಆ ದಾರಿಯ ಕಾವಲು ಅರಬ್ ಬುಡಕಟ್ಟಿನವರದು. ಕತ್ತಲಾದೊಡನೆ ಅವರು ಮರಳನ್ನು ಸಮನಾಗಿ ತೀಡಿ, ಒಂದು ಗುರುತೂ ಇಲ್ಲದಂತೆ ಮಾಡುವರು. ಬೆಳಗ್ಗೆ ಅಮೀರನು ಬಂದು ನೋಡುವನು. ಹೆಜ್ಜೆಯ ಗುರುತು ಕಂಡಿತೋ, ಆ ಹೆಜ್ಜೆಯವನನ್ನು ಹಿಡಿದು ತರಬೇಕು. ಅವರು ತಪ್ಪದೆ ಹಿಡಿದು ತರುವರು. ನಮ್ಮ ಹಳ್ಳಿಗಳಲ್ಲಿ ಅಂಗಳವನ್ನು ಸಗಣಿಯಿಂದ ಸಾರಿಸಿ, ಬೆಳಗ್ಗೆ ಯಾರ ದನದ ಗೊರಸು ಬಿದ್ದಿದೆಯೆಂದು ನೋಡುವ ಅಜ್ಜಿಯರ ನೆನಪಾಗುತ್ತದೆ.

ಆದರೆ ನಮ್ಮ ವಿಷಯಕ್ಕೆ ನೇರವಾಗಿ ಸೇರಿದ್ದು ಮುಲ್ತಾನಿನ ಪ್ರಸಂಗ. 1333ರ ಸೆಪ್ಟೆಂಬರಿನಲ್ಲಿ ಇಬ್ನ್ ಬತೂತ ಸಿಂಧೂ ನದಿಯ ದಡಕ್ಕೆ ಬಂದನು. ಬಂದ ಕೂಡಲೇ ಸುಲ್ತಾನ್ ಮಹಮ್ಮದ್ ಬಿನ್ ತುಘಲಕನ ವಾರ್ತಾಧಿಕಾರಿಗಳು ಓಲೆ ಬರೆದರು. ಬಂದವನ ಮುಖ ಎಂಥದು, ಉಡುಗೆ ಎಂಥದು, ಜೊತೆಗೆ ಎಷ್ಟು ಮಂದಿ, ಆಳು ಎಷ್ಟು, ಪಶು ಎಷ್ಟು, ನಡೆಯುವಾಗ ನಿಲ್ಲುವಾಗ ಅವನ ರೀತಿ ಹೇಗೆ, ಒಂದನ್ನೂ ಬಿಡುವಂತಿಲ್ಲ. ಸಿಂಧಿನಿಂದ ದಿಲ್ಲಿಗೆ ಐವತ್ತು ದಿನದ ಪ್ರಯಾಣ. ಸುಲ್ತಾನನ ಅಂಚೆ ಅದನ್ನು ಐದು ದಿನದಲ್ಲಿ ಮುಟ್ಟಿಸುತ್ತಿತ್ತು. ಅಪ್ಪಣೆ ಬರುವವರೆಗೆ ಹೊಸಬನು ಮುಲ್ತಾನಿನಲ್ಲಿ ಕಾದಿರಬೇಕು. ಹುಟ್ಟು, ಮನೆತನಗಳನ್ನು ಅಲ್ಲಿ ಬಲ್ಲವರಿಲ್ಲವಾದ್ದರಿಂದ ಮನುಷ್ಯನ ಯೋಗ್ಯತೆಯನ್ನು ಅವನ ನಡತೆಯಿಂದ ಅಳೆಯುತ್ತಿದ್ದರೆಂದು ಅವನು ಹೇಳುತ್ತಾನೆ.

ನಡತೆಯ ಜೊತೆಗೆ ಕಾಣಿಕೆಯೂ ಬೇಕು. ಸುಲ್ತಾನನು ತನಗೆ ಬಂದ ಕಾಣಿಕೆಗೆ ಅನೇಕ ಪಾಲು ಹೆಚ್ಚಿನದನ್ನು ಹಿಂದಕ್ಕೆ ಕೊಡುವನೆಂಬ ಸುದ್ದಿಯಿದ್ದುದರಿಂದ, ಹೊಸಬರಿಗೆ ಕಾಣಿಕೆಯ ಸಾಮಾನನ್ನು ಸಾಲ ಕೊಡುವುದೇ ಸಿಂಧಿನ ವರ್ತಕರಿಗೆ ಒಂದು ವ್ಯಾಪಾರವಾಗಿದ್ದಿತು! ನಮ್ಮ ಇಬ್ನ್ ಬತೂತನೂ ಘಜ್ನಿಯಲ್ಲಿ ಒಬ್ಬ ವರ್ತಕನಿಂದ ಮೂವತ್ತರಷ್ಟು ಕುದುರೆಗಳನ್ನೂ ಬಾಣ ಹೇರಿದ ಒಂದು ಒಂಟೆಯನ್ನೂ ಕೊಂಡಿದ್ದನು. ದಾರಿಯ ಸುಂಕದ ಕಟ್ಟೆಯಲ್ಲಿ ಗಂಟು ಬಿಚ್ಚಿ ಶೋಧಿಸುತ್ತಾರೆಂದು ತಿಳಿದಾಗ ಅವನಿಗೆ ಹೆದರಿಕೆಯಾಯಿತು. ಗಂಟಿನಲ್ಲಿ ಕಳ್ಳಸಾಮಾನು ಇದ್ದುದರಿಂದಲ್ಲ. ನೋಡುವವರ ಕಣ್ಣಿಗೆ ದೊಡ್ಡದಾಗಿ ಕಂಡ ಗಂಟಿನಲ್ಲಿ ಹೆಚ್ಚೇನೂ ಇರಲಿಲ್ಲವೆಂಬುದರಿಂದ. ಮುಲ್ತಾನಿನ ಅಧಿಪತಿಯ ಕಡೆಯವನೊಬ್ಬನು ಸಮಯಕ್ಕೆ ಬಂದು ಶೋಧನೆಯನ್ನು ತಪ್ಪಿಸಿದನು. ಬಡತನ ಬಯಲಾಗಲಿಲ್ಲ.

ಎರಡು ತಿಂಗಳು ಕಾದ ಮೇಲೆ ದಿಲ್ಲಿಯಿಂದ ಸುಲ್ತಾನನ ಅಧಿಕಾರಿಗಳು ಬಂದರು. ಏಕೆ ಬಂದಿರಿ ಎಂದು ಒಬ್ಬೊಬ್ಬರನ್ನೂ ಕೇಳಿದರು. ಲೋಕದೊಡೆಯನ ಸೇವೆಗಾಗಿ ಬಂದೆನೆಂದು ಇಬ್ನ್ ಬತೂತ ಹೇಳಿದನು. ಅಷ್ಟು ಸಾಲದು. ಇಲ್ಲಿಯೇ ನೆಲಸಲು ಬಂದವರ ಹೊರತು ಖುರಾಸಾನಿನ ಕಡೆಯಿಂದ ಬಂದ ಯಾರನ್ನೂ ಒಳಕ್ಕೆ ಬಿಡಕೂಡದೆಂದು ಸುಲ್ತಾನನ ಆಜ್ಞೆ. ನೆಲಸಲೆಂದೇ ಬಂದೆನೆಂದು ಇವನೆಂದನು. ಖಾಜಿಯನ್ನೂ ಸಾಕ್ಷಿಗಳನ್ನೂ ಕರೆಸಿ ಮುಚ್ಚಳಿಕೆ ಬರೆಸಿಕೊಂಡರು. ಅವನ ಸಂಗಡಿಗರಲ್ಲಿ ಕೆಲವರು ಮಾತ್ರ ಮುಚ್ಚಳಿಕೆ ಕೊಡಲು ಒಪ್ಪಲಿಲ್ಲ. ಅವರ ಹೆಸರುಗಳನ್ನು ಅವನು ಅಲ್ಲಿ ಹೇಳುವುದಿಲ್ಲ, ಹೇಳಿದ್ದರೆ ಚೆನ್ನಾಗಿತ್ತು.

ಇಬ್ನ್ ಬತೂತ ಸುಳ್ಳು ಬರೆದುಕೊಟ್ಟನೆಂದು ನಾವು ಖಂಡಿತವಾಗಿ ಹೇಳಲಾರೆವು. ಅನ್ನ ದೊರೆಯುವ ಕಡೆ ಕೆಲವು ವರ್ಷ ನಿಲ್ಲುವ ಎಣಿಕೆ ಅವನಿಗೆ ಇದ್ದಿರಬಹುದು. ವರ್ಷಕ್ಕೆ ಹನ್ನೆರಡು ಸಾವಿರ ದೀನಾರಗಳ ಮೇಲೆ ದಿಲ್ಲಿಯಲ್ಲಿ ಖಾಜಿಯೂ ಆದನು. ಆದರೆ ಆ ಮುಚ್ಚಳಿಕೆಯ ಭಾರ ಆಮೇಲೆ ತಿಳಿಯಿತು. ಸುಲ್ತಾನನ ಕೋಪಕ್ಕೆ ಸಿಕ್ಕಿದ ಒಬ್ಬ ಶೇಖರನ್ನು ಕಾಣಲು ಹಿಂದೊಮ್ಮೆ ಹೋಗಿದ್ದನೆಂಬುದಕ್ಕಾಗಿ ಇವನ ಮೇಲೆ ನಾಲ್ವರು ಕಾವಲುಗಾರರು ಬಿದ್ದರು. ಅಂಥ ಕಾವಲಿನಿಂದ ಜೀವ ಸಹಿತ ಹೊರಬರುವವರು ಅಪರೂಪ. ಐದು ದಿನ ಉಪವಾಸವಿದ್ದು ಕುರಾನನ್ನು ಪಠಿಸುತ್ತ ಕುಳಿತನು. ಹ್ಯೂಯೆನ್ ತ್ಸಾಂಗನೂ ಉಪವಾಸ ಮಾಡಿದ್ದನು, ಇವನೂ ಮಾಡಿದನು. ಅವನದು ಮಾತು ಕೊಡುವುದಕ್ಕೆ ಮೊದಲು, ಇವನದು ಕೊಟ್ಟ ಮೇಲೆ. ಹೇಗೋ ಪ್ರಾಣ ಉಳಿಯಿತು. ಇದ್ದುದನ್ನೆಲ್ಲ ದಾನಮಾಡಿ ಫಕೀರನ ವೇಷ ತೊಟ್ಟು ಮಕ್ಕಾ ಯಾತ್ರೆಗೆ ಅಪ್ಪಣೆ ಕೇಳಿದನು. ಕಡೆಗೆ ಬಿಡುಗಡೆ ದೊರೆತದ್ದು ಸುಲ್ತಾನನು ಅವನನ್ನು ಚೀನಕ್ಕೆ ರಾಯಭಾರಿಯಾಗಿ ಕಳುಹಿಸಿದ್ದರಿಂದ. ಅಲೆಯುವ ಚಪಲ ನಿನಗಿರುವುದನ್ನು ಬಲ್ಲೆನೆಂದು ಸುಲ್ತಾನನೇ ಹೇಳಿದನಂತೆ. ಮುಚ್ಚಳಿಕೆ ಬರೆಸಿಕೊಂಡವನಿಗೂ ಆಳಿನ ಸ್ವಭಾವ ತಿಳಿಯದೆ ಇರಲಿಲ್ಲ.

ಆ ಪ್ರಯಾಣದಲ್ಲಿಯೇ ಅವನು ನಮ್ಮ ಕರಾವಳಿಗೆ ಬಂದದ್ದು. ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆ ಹದಿಮೂರು, ಗಂಡುಮಕ್ಕಳಿಗೆ ಇಪ್ಪತ್ತಮೂರು ಶಾಲೆಗಳಿದ್ದುವೆಂದು ಅವನು ಬರೆದದ್ದು ಪ್ರಸಿದ್ಧವಾಗಿದೆ. ಅಷ್ಟು ಪ್ರಸಿದ್ಧವಲ್ಲದ್ದು ಬಾರಕೂರಿನ ಸಂಗತಿ. ಅಲ್ಲಿನ ಅರಸನಿಗೆ ಮೂವತ್ತರಷ್ಟು ಯುದ್ಧದ ಹಡಗುಗಳು. ಆ ಕರಾವಳಿಯ ಪದ್ಧತಿಯಂತೆ, ಹಾದುಹೋಗುವ ಯಾವ ಹಡಗೇ ಆಗಲಿ ರೇವಿಗೆ ಬಂದು ಲಂಗರು ಹಾಕಿ, ‘ಬಂದರಿನ ಹಕ್ಕು’ ಎಂಬ ಕಾಣಿಕೆಯನ್ನು ಒಡೆಯನಿಗೆ ಒಪ್ಪಿಸಬೇಕು. ಒಪ್ಪಿಸದೆ ಹೋದರೆ ಬೆನ್ನಟ್ಟಿ ಹಿಡಿದು ತಂದು, ಸುಂಕವನ್ನು ಇಮ್ಮಡಿ ಮಾಡಿ, ತಮಗೆ ಬೇಕಾದಷ್ಟು ದಿನ ತಡೆದಿಡುವರು. ಒಳಕ್ಕೆ ಬರುವವನಿಗೆ ಅಪ್ಪಣೆ ಬೇಕೆಂಬುದನ್ನು ಎಲ್ಲ ದೇಶಗಳಲ್ಲಿಯೂ ಕೇಳಿದ್ದೇವೆ. ಬಾರದೆ ಮುಂದೆ ಹೋಗುವವನಿಗೂ ಅಪ್ಪಣೆ ಬೇಕೆಂಬುದು ನಮ್ಮ ತುಳುನಾಡಿನ ರೇವಿನಲ್ಲಿ ಕಂಡದ್ದು.

ಮಾಲ್ದೀವ್ ದ್ವೀಪಗಳಲ್ಲಿಯೂ ಅವನನ್ನು ಖಾಜಿಯಾಗಿ ಹಿಡಿದು ನಿಲ್ಲಿಸಿಕೊಂಡರು, ಬಿಡಿಸಿಕೊಳ್ಳುವುದು ಕಷ್ಟವಾಯಿತು. ಚೀನದ ಭಾಗವನ್ನು ಅವನು ಕಣ್ಣಾರೆ ಕಂಡು ಬರೆದನೋ ಕೇಳಿ ಬರೆದನೋ ಎಂದು ವಿದ್ವಾಂಸರಿಗೆ ಸಂಶಯವುಂಟು. ಆದರೂ ಅಲ್ಲಿಯ ಒಂದು ಮಾತನ್ನು ಬಿಡಲಾಗುವುದಿಲ್ಲ. ಪರದೇಶಿಗಳು ಊರೊಳಗೆ ಹಾದುಹೋದರೆ ಚಿತ್ರಕಾರರು ಅವರಿಗೆ ತಿಳಿಯದಂತೆ ಅವರ ರೂಪವನ್ನು ಬರೆದುಬಿಡುವರಂತೆ. ತಾನೂ ಸಂಗಡಿಗರೂ ಹಿಂದಿರುಗಿ ಪೇಟೆಗೆ ಬಂದಾಗ ತಮ್ಮ ಚಿತ್ರಗಳು ಗೋಡೆಯ ಮೇಲೆ ಅಂಟಿಸಿದ್ದುವೆಂದು ಅವನು ಬರೆಯುತ್ತಾನೆ. ಪರದೇಶಿ ತಪ್ಪು ಮಾಡಿ ಓಡಿಹೋದರೆ ಆ ಚಿತ್ರವನ್ನು ಊರೂರಿಗೆ ಕಳುಹಿಸುವರು. ರಹದ��ರಿಗೆ ಭಾವಚಿತ್ರವನ್ನು ಅಂಟಿಸುವ ಪದ್ಧತಿ ಯೂರೋಪಿನವರಿಗೆ ಹೊಳೆದದ್ದು ಮೊದಲನೆಯ ಮಹಾಯುದ್ಧದ ಗೂಢಚಾರರ ಭಯದಲ್ಲಿ.

1914ಕ್ಕೆ ಮುಂಚೆ ಯೂರೋಪಿನ ಬಹುಭಾಗವನ್ನು ರಹದಾರಿಯಿಲ್ಲದೆಯೇ ಸುತ್ತಿಬರಬಹುದಾಗಿತ್ತು. ರಷ್ಯವೂ ತುರ್ಕಿಯೂ ಇದಕ್ಕೆ ಅಪವಾದ. ಯುದ್ಧಕ್ಕಾಗಿ ಹಾಕಿದ ಬೇಲಿಯನ್ನು ಯುದ್ಧ ಮುಗಿದ ಮೇಲೆ ಯಾರೂ ಕೀಳಲಿಲ್ಲ. 1920ರಲ್ಲಿ ರಾಷ್ಟ್ರಸಂಘದ ವತಿಯಿಂದ ಪ್ಯಾರಿಸಿನಲ್ಲಿ ನಡೆದ ಸಮ್ಮೇಳನವು ರಹದಾರಿ ಪುಸ್ತಕಕ್ಕೆ ಒಂದೇ ಮಾದರಿಯನ್ನು ಗೊತ್ತುಮಾಡಿತು. 1948ರ ಮಾನವ ಹಕ್ಕುಗಳ ಘೋಷಣೆಯಲ್ಲಿ ಯಾವ ದೇಶವನ್ನಾದರೂ ಬಿಟ್ಟುಹೋಗುವ ಹಕ್ಕೂ ತನ್ನ ದೇಶಕ್ಕೆ ಹಿಂದಿರುಗುವ ಹಕ್ಕೂ ಬರೆದಿವೆ. ಇನ್ನೊಬ್ಬರ ದೇಶಕ್ಕೆ ಸುಮ್ಮನೆ ನೋಡಲು ಹೋಗುವ ಹಕ್ಕು ಅಲ್ಲಿಲ್ಲ. ಹ್ಯೂಯೆನ್ ತ್ಸಾಂಗನ ಅಪರಾಧ ಹೀಗೆ ಕಾಗದದ ಮೇಲೆ ಹಕ್ಕಾಯಿತು. ಅವನಿಗೆ ದಾರಿಯಲ್ಲಿ ದೊರೆತದ್ದು ದುರ್ಲಭವಾಯಿತು.

ನಮ್ಮ ಕಾಲೇಜಿನಲ್ಲಿ ಓದಿದ ಒಬ್ಬ ಹುಡುಗಿ ಕೆಲವು ವರ್ಷಗಳ ಹಿಂದೆ ಅಕ್ಕನ ಮನೆಗೆಂದು ಲಂಡನ್ನಿಗೆ ಹೋಗಿದ್ದಳು. ಅಲ್ಲಿಂದ ರೈಲಿನಲ್ಲಿ ಎರಡೂವರೆ ಗಂಟೆ ಕುಳಿತರೆ ಪ್ಯಾರಿಸ್ಸು. ವೀಸಾ ಕೇಳಲು ಹೋದಾಗ, ನೀವು ಇಲ್ಲಿ ಸಂದರ್ಶಕರು, ಇಲ್ಲಿನ ನಿವಾಸಿಗಳಲ್ಲ, ನಿಮ್ಮ ಊರಿನಲ್ಲಿ ಅರ್ಜಿ ಹಾಕಿ ಎಂದರಂತೆ. ‘ಮೇಷ್ಟ್ರೇ, ಪಕ್ಕದ ಮನೆಗೆ ಹೋಗಬೇಕಾದರೆ ಬೆಂಗಳೂರಿಗೆ ಬಂದು ಹೋಗಬೇಕಂತೆ’ ಎಂದು ನನಗೆ ಬರೆದಳು. ಅಧಿಕಾರಿಗಳು ಇದನ್ನು ತಾವಾಗಿ ಕಟ್ಟಿದ್ದಲ್ಲ. ಯೂರೋಪಿನ ಷೆಂಗೆನ್ ದೇಶಗಳಿಗೆಲ್ಲ ಅನ್ವಯಿಸುವಂತೆ 2009ರಲ್ಲಿ ಮಾಡಿ 2010ರಿಂದ ಜಾರಿಗೆ ತಂದ ವೀಸಾ ಸಂಹಿತೆಯಲ್ಲಿ, ಅರ್ಜಿದಾರನು ಕಾನೂನಿನಂತೆ ವಾಸವಾಗಿರುವ ದೇಶದಲ್ಲಿಯೇ ಅರ್ಜಿ ಹಾಕಬೇಕೆಂದಿದೆ. ವಾಸವಿಲ್ಲದೆ ಕಾನೂನಿನಂತೆ ಬಂದಿಳಿದಿರುವವನು, ಇಲ್ಲಿಂದಲೇ ಏಕೆ ಕೇಳುತ್ತಿದ್ದೇನೆಂಬುದಕ್ಕೆ ತಕ್ಕ ಕಾರಣ ಕೊಟ್ಟರೆ, ಅವನ ಅರ್ಜಿಯನ್ನು ಪರಿಶೀಲಿಸಬಹುದೆಂದು ಒಂದು ಕಿಂಡಿಯನ್ನೂ ಇಟ್ಟಿದೆ. ಮುಂದಿನ ನಾಡಿನ ಬೆಟ್ಟ ಕಾಣಿಸಿತೆಂಬುದು ತಕ್ಕ ಕಾರಣವೆನಿಸುವುದು ಕಷ್ಟ. ಅಂತರಜಾಲದ ಮೂಲಕ ವೀಸಾ ಕೊಡುವ ದೇಶಗಳು ಈ ತೊಡಕನ್ನು ಬಿಡಿಸಿವೆ. ನಮ್ಮ ದೇಶವೂ 2014ರಿಂದ ಪ್ರವಾಸಿಗಳಿಗೆ ಹಾಗೆ ಕೊಡುತ್ತ ಬಂದಿದೆ. ದಾರಿಯಲ್ಲಿರುವವನು ತಂಗುವ ಛತ್ರದಿಂದಲೇ ಕೇಳಬಹುದು.

ಈ ನಡುವೆ ಪ್ರಶ್ನೆಯೇ ತಲೆಕೆಳಗಾಗಿರುವುದನ್ನು ಹೇಳಬೇಕು. ಕಾವ್‌ಚಾಂಗಿನ ಅರಸನಿಗೂ ಮಹಮ್ಮದ್ ಬಿನ್ ತುಘಲಕನಿಗೂ ಇದ್ದ ಭಯ, ಬಂದವನು ಹೊರಟುಹೋಗಿಬಿಡುವನೆಂದು. ಶಾಸ್ತ್ರ ಬಲ್ಲವನು, ಕಾನೂನು ಬಲ್ಲವನು, ದೂರದ ನಾಡುಗಳನ್ನು ಕಂಡವನು ರಾಜ್ಯಕ್ಕೆ ಒಂದು ಸಂಪತ್ತು. ಅವನು ನಿಲ್ಲುವೆನೆಂದು ಬರೆದುಕೊಡಬೇಕು. ಇಂದಿನ ಅಧಿಕಾರಿಗೆ ಇರುವ ಭಯ, ಬಂದವನು ಹೋಗದೆ ನಿಂತುಬಿಡುವನೆಂದು. ಅದೇ ಸಂಹಿತೆಯಲ್ಲಿ, ಅವಧಿ ಮುಗಿಯುವುದರೊಳಗೆ ಹೊರಡುವ ಉದ್ದೇಶದಲ್ಲಿ ಸಂಶಯ ಬಂದರೆ ವೀಸಾ ನಿರಾಕರಿಸಬಹುದೆಂದಿದೆ. ಆದ್ದರಿಂದ ಇಂದು ಸಂಚಾರಿಯು ಸಂಬಳದ ಚೀಟಿ, ಬ್ಯಾಂಕಿನ ಲೆಕ್ಕ, ಹಿಂದಿರುಗುವ ಟಿಕೇಟು ಇವನ್ನೆಲ್ಲ ತೋರಿಸಿ, ತನ್ನನ್ನು ಊರಿಗೆ ಕಟ್ಟಿಹಾಕಿದ ಹಗ್ಗ ಗಟ್ಟಿಯಾಗಿದೆಯೆಂದು ಸಾಧಿಸಬೇಕು. ಇಬ್ನ್ ಬತೂತ ಅದೇ ಹಗ್ಗವನ್ನು ಕಡಿದುಕೊಂಡು ಬಂದಿರುವೆನೆಂದು ಸಾಧಿಸಬೇಕಾಗಿತ್ತು. ನಡುದಾರಿಯಲ್ಲಿರುವವನಿಗೆ ಎರಡು ಪ್ರಮಾಣಗಳೂ ಸುಲಭವಲ್ಲ. ಅಂದು ಅವನಿಗೆ ಹಿಂದಿನ ಬೀಡಿನವನು ಬರೆದ ಓಲೆಯ ಆಸರೆಯಿತ್ತು. ಇಂದು ಆ ಓಲೆ ಬರೆಯುವವನು ಯಾರೆಂದರೆ, ಹಿಂದೆ ಹೋಗಿಬಂದ ದೇಶಗಳ ಮುದ್ರೆಗಳೆನ್ನಬೇಕು. ನಾಲ್ಕು ನಾಡುಗಳಿಗೆ ಹೋಗಿ ಹೇಳಿದ ದಿನಕ್ಕೆ ಹಿಂದಿರುಗಿದವನೆಂಬುದು ಪುಟಗಳಲ್ಲಿ ಕಂಡರೆ ಐದನೆಯ ನಾಡಿನವನ ಮುಖ ಸ್ವಲ್ಪ ಸಡಿಲವಾಗುತ್ತದೆ. ಮೊದಲ ಬಾರಿ ಹೊರಟವನಿಗೆ ಅದೂ ಇಲ್ಲ.

ಆ ಹುಡುಗಿ ಪ್ಯಾರಿಸ್ಸನ್ನು ನೋಡದೆ ಊರಿಗೆ ಬಂದಳು. ಅರ್ಜಿಯ ಫಾರಮನ್ನು ನನಗೆ ತಂದು ತೋರಿಸಿದಳು. ಪೌರತ್ವದ ದೇಶವನ್ನು ಬಿಟ್ಟು ಬೇರೆ ದೇಶದಲ್ಲಿ ನಿಮ್ಮ ವಾಸವೇ ಎಂದು ಅದರಲ್ಲಿ ಒಂದು ಪ್ರಶ್ನೆಯಿದೆ. ಅದರ ಮುಂದೆ ಎರಡು ಚಿಕ್ಕ ಚೌಕಗಳು: ಹೌದು, ಇಲ್ಲ. ಹೌದೆಂದರೆ ವಾಸದ ಪರವಾನಗಿಯ ಸಂಖ್ಯೆಯನ್ನೂ ಅದರ ಅವಧಿಯನ್ನೂ ಬರೆಯಬೇಕು. ದಾರಿಯಲ್ಲಿದ್ದೇನೆ ಎನ್ನುವವರಿಗೆ ಅಲ್ಲಿ ಮೂರನೆಯ ಚೌಕ ಇಲ್ಲ.